ಅನಸಕ್ಕೋರ ಪಾಳಿ

ಮಗ್ಗಕ್ಕೆ ಕರೆಂಟಿನ ಹೆಸರೂ ಗೊತ್ತಿರದಷ್ಟು ಹಿಂದೆ, ನೂಲಹಾಳ ಅಂತ ಒಂದು ಊರಿತ್ತು. ಈಗಲೂ ಇದೆ, ಆದರೆ ಆ ನೂಲಹಾಳ ಬೇರೆ. ಆಗ ಅಲ್ಲಿ ಮನೆಗೊಂದು ಮಗ್ಗ, ಮಗ್ಗಕ್ಕೊಂದು ಕುಣಿ, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತ ಒಬ್ಬ ಗಂಡಸು. ಅವನ ಪಕ್ಕದಲ್ಲಿ ಒಂದು ರಾಟಿ, ರಾಟಿಯ ಮುಂದೆ ಒಂದು ಮಗು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತಿ ಕೊಡುವುದು ಆ ಮಗುವಿನ ಕೆಲಸ. ಸುತ್ತಿದ ಕೊಳವೆಗೆ ಕಂಡಿಕೆ ಅಂತಾರೆ. ಮಗು ಸುತ್ತುತ್ತದೆ, ಲಾಳಿ ತಿನ್ನುತ್ತದೆ. ಲಾಳಿಗೆ ಹೊಟ್ಟೆ ತುಂಬಿದ್ದನ್ನು ಯಾರೂ ಕಂಡಿಲ್ಲ.

ಆ ಊರಿಗೆ ಅನಸೂಯಾ ಅನ್ನುವವರು ಶಾಲೆ ಕಲಿಸಲು ಬಂದರಂತೆ. ಕಲಿಸುವ ಹೆಂಗಸರಿಗೆ ಆ ಸೀಮೆಯಲ್ಲಿ ಅಕ್ಕೋರು ಅನ್ನುವುದು ರೂಢಿ, ಹಾಗಾಗಿ ಊರು ಅವರನ್ನು ಅನಸಕ್ಕೋರು ಅಂದಿತು. ಒಂದು ತಗಡಿನ ಪೆಟ್ಟಿಗೆ, ಒಂದು ಬಟ್ಟೆಯ ಚೀಲ ಹಿಡಿದು, ಮಧ್ಯಾಹ್ನದ ಬಿಸಿಲಲ್ಲಿ ನಡೆದು ಬಂದರು ಅಂತಾರೆ. ಅವರು ಬರುವಾಗಲೇ ದಣಿದಿದ್ದರು ಅಂತಲೂ ಅಂತಾರೆ. ಅವರಿಗಿಂತ ಮೊದಲು ಮೂವರು ಮಾಸ್ತರರು ಬಂದಿದ್ದರು. ಮಗ್ಗದ ಸದ್ದಿಗೆ ತಲೆ ಹಿಡಿದುಕೊಂಡು, ತಿಂಗಳು ತುಂಬುವುದರೊಳಗೆ ಮೂವರೂ ಹೋಗಿದ್ದರು. ಅಕ್ಕೋರಿಗೆ ಹಿಂದಿರುಗಿ ನಡೆಯುವ ಶಕ್ತಿ ಇರಲಿಲ್ಲ, ಅದಕ್ಕೇ ಉಳಿದರು ಅಂತ ನಗುವವರೂ ಇದ್ದಾರೆ.

ಶಾಲೆಯಲ್ಲಿ ಮಕ್ಕಳು ಬರೆಯಲು ಪಾಟಿ ಇರಲಿಲ್ಲ. ಅಕ್ಕೋರು ಊರಿನ ಚಿಂದಿ ನೂಲು ಕೂಡಿಸಿದರು. ಮಕ್ಕಳು ನೆಲದ ಮೇಲೆ ನೂಲು ಬಳುಕಿಸಿ ಅಕ್ಷರ ಮಾಡಿದರು. ಕೆಂಪು ನೂಲಿನಲ್ಲಿ ಅ, ಕಪ್ಪು ನೂಲಿನಲ್ಲಿ ಆ. ಗಾಳಿ ಬಂದರೆ ಅಕ್ಷರ ಹಾರಿಹೋಗುತ್ತಿತ್ತು, ಮಕ್ಕಳು ನಕ್ಕು ಮತ್ತೆ ಮಾಡುತ್ತಿದ್ದರು. ಹೀಗೆ ಅಕ್ಷರ ಬಂತು, ಆಮೇಲೆ ಪದ ಬಂತು. ಪದಗಳನ್ನು ಚೀಟಿಯಲ್ಲಿ ಬರೆದು ದಾರಕ್ಕೆ ನೇತುಹಾಕಿದರು. ಕರೆದ ಪದವನ್ನು ಮೊದಲು ಮುಟ್ಟಿದವರು ಗೆದ್ದಂತೆ. ಶಾಲೆಯೊಳಗೆ ಎಲ್ಲವೂ ಚೆನ್ನಾಗಿತ್ತು ಅಂತಾರೆ. ಆದರೆ ಸಂಜೆ ಮನೆಗೆ ಹೋದ ಮಗು ಬೆಳಗ್ಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತಿತ್ತು. ಅಕ್ಕೋರು ದಿನಾ ಅದೇ ಕಲ್ಲನ್ನು ಅದೇ ಗುಡ್ಡಕ್ಕೆ ಹೊರುತ್ತಿದ್ದರು.

ಇದ್ದದ್ದು ಒಂದೇ ಕಥೆ ಪುಸ್ತಕ. ಅಕ್ಕೋರು ಅದರ ಹೊಲಿಗೆ ಬಿಚ್ಚಿ ಹಾಳೆ ಹಾಳೆ ಮಾಡಿದರು. ಮಗುವಿಗೊಂದು ಹಾಳೆ. ಇಂದು ಒಂದು ಮನೆಯಲ್ಲಿದ್ದ ಹಾಳೆ ನಾಳೆ ಪಕ್ಕದ ಮನೆಗೆ. ತನ್ನ ಹಾಳೆಯಲ್ಲಿ ಏನಿದೆ ಅಂತ ಯಾರೂ ಯಾರಿಗೂ ಹೇಳಬಾರದು. ಮನೆಯಲ್ಲಿ ಹಾಳೆ ಓದಿದವರು ಒಂದು ದಾರಕ್ಕೆ ಒಂದು ಗಂಟು ಹಾಕಿಕೊಂಡು ಬರಬೇಕು. ತಿಂಗಳ ಕೊನೆಗೆ ಗಂಟು ಎಣಿಸಿದರೆ ಯಾರು ಎಷ್ಟು ಓದಿದರು ಅಂತ ತಿಳಿಯುತ್ತದೆ. ಅಕ್ಕೋರು ಹಾಗೆ ತಿಳಿದಿದ್ದರು.

ತಿಂಗಳ ಕೊನೆಗೆ ದಾರಗಳು ಬಂದವು. ಒಂದರಲ್ಲಿ ನಲವತ್ತು ಗಂಟು, ಇನ್ನೊಂದರಲ್ಲಿ ಐವತ್ತು. ಶರಣವ್ವ ಅನ್ನುವ ಹುಡುಗಿಯ ದಾರದಲ್ಲಿ ಅರವತ್ತೊಂದು. ತಿಂಗಳಿಗೆ ಇರುವುದೇ ಮೂವತ್ತು ದಿನ. ಅಕ್ಕೋರು ಅವಳನ್ನು ಹತ್ತಿರ ಕರೆದು, ಹಾಳೆ ಕೊಟ್ಟು, ಓದು ಅಂದರು. ಹುಡುಗಿ ಹಾಳೆ ನೋಡಿದಳು, ಅಕ್ಕೋರನ್ನು ನೋಡಿದಳು, ಹಾಳೆ ನೋಡಿದಳು.

"ಗಂಟು ಯಾರು ಹಾಕಿದ್ರವಾ?"

"ಅಜ್ಜಿ ಹಾಕಿದ್ಳ್ರೀ."

"ಯಾವಾಗ?"

"ಸಾರು ಕುದಿಯೂವಾಗ."

ಹರಿದ ಎಳೆಗೆ ಎಳೆ ಕೂಡಿಸಿ ಗಂಟು ಹಾಕುತ್ತಲೇ ಮುದುಕಿಯರಾದವರ ಊರು ಅದು. ಮಾತಾಡುತ್ತ ಹಾಕುತ್ತಾರೆ, ತೂಕಡಿಸುತ್ತ ಹಾಕುತ್ತಾರೆ. ಅಂಥ ಊರಿನಲ್ಲಿ ಅಕ್ಕೋರು ಸಾಕ್ಷಿಗೆ ಗಂಟು ಕೇಳಿದ್ದರು. ಮೋಸ ಮಾಡಬೇಕು ಅಂತ ಯಾರೂ ಮಾಡಿರಲಿಲ್ಲ. ಪಾಪ, ಅಕ್ಕೋರಿಗೆ ಗಂಟು ಬೇಕಂತ ಅಂದುಕೊಂಡು, ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದರು. ಅಕ್ಕೋರು ದಾರಗಳನ್ನೆಲ್ಲ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟರಂತೆ.

ಮಗಳಿಗೆ ಓದು ಬರಲಿಲ್ಲ ಅಂತ ಕೇಳಿ, ಅದೇ ವಾರ ಶರಣವ್ವನ ಅಪ್ಪ ಸಕ್ರಪ್ಪ ಶಾಲೆಯ ಬಾಗಿಲಿಗೆ ಬಂದ. ಅವನು ಆ ಓಣಿಗೆ ಹಿರಿಯ ನೇಕಾರ. ಅವನ ಮಗಳು ಶಾಲೆ ಬಿಟ್ಟರೆ ಓಣಿಯೇ ಬಿಡುತ್ತದೆ, ಓಣಿ ಬಿಟ್ಟರೆ ಶಾಲೆಯೇ ಇರುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ಅಕ್ಕೋರಿಗೂ ಗೊತ್ತಿತ್ತು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಮಗ್ಗದಾಗ ಈಗ ಹೊಸ ಹಾಸು ಏರಿಸೀನಿ. ನಾಕು ಸೀರಿ ಬರ್ತಾವು. ಅಲ್ಲೀ ತನಕ ನೋಡ್ತೀನಿ. ಹಾಸು ಮುಗಿದ ದಿನ ನಾ ಎಲ್ಲಿಂದರ ಒಂದು ಚೀಟಿ ತಂದು ಕೊಡ್ತೀನಿ, ಅಕಿ ಅದನ್ನ ಓದಬೇಕು. ಓದಿದ್ರ ನಿಮ್ಮಕಿ. ಇಲ್ಲಾಂದ್ರ ರಾಟೀಕಿ."

ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳು. ಅಕ್ಕೋರು ತಲೆಯಾಡಿಸಿದರು. ವಾದ ಮಾಡಲಿಲ್ಲ ಅಂತಾರೆ. ಆ ಸಂಜೆ ಸಕ್ರಪ್ಪನ ಮನೆಗೆ ಹೋದರು. ಹುಡುಗಿ ಎರಡು ಕೈಯೂ ರಾಟಿಯ ಮೇಲಿಟ್ಟು ಕೂತಿದ್ದಳು. ಬಲಗೈ ತಿರುಗಿಸುತ್ತಿತ್ತು, ಎಡಗೈ ನೂಲು ಹಿಡಿದಿತ್ತು. ಹಾಳೆ ಗೋಡೆಯ ಗೂಡಿನಲ್ಲಿ ಇಟ್ಟಲ್ಲೇ ಇತ್ತು. ಮನೆಯಲ್ಲಿ ಮಕ್ಕಳು ಯಾಕೆ ಓದುವುದಿಲ್ಲ ಅಂತ ಅಕ್ಕೋರಿಗೆ ಆಗ ತಿಳಿಯಿತಂತೆ. ಹಾಳೆ ಹಿಡಿಯಲು ಕೈ ಇರಲಿಲ್ಲ.

"ಏಳವಾ," ಅಂದರು. "ನಾ ಸುತ್ತತೀನಿ. ನೀ ಓದು."

ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಸುತ್ತೋದು ಬರತೈತೇನ್ರೀ ಅಕ್ಕೋರ?"

ಬರುತ್ತಿರಲಿಲ್ಲ. ಮೊದಲ ಕಂಡಿಕೆ ಹಲ್ಲಿ ನುಂಗಿದ ಹಾವಿನ ಹಾಗಿತ್ತು, ಮಧ್ಯದಲ್ಲಿ ಉಬ್ಬು, ಎರಡು ಕಡೆ ಸಪೂರ. ಸಕ್ರಪ್ಪ ಅದನ್ನು ಲಾಳಿಗೆ ಹಾಕದೆ ಅಜ್ಜಿಯ ಕಡೆಗೆ ಎಸೆದ. ಎರಡನೆಯದು ಸ್ವಲ್ಪ ಸುಧಾರಿಸಿತು. ಹತ್ತನೆಯದು ಲಾಳಿಯೊಳಗೆ ಹೋಯಿತು.

ಆಮೇಲೆ ಪಕ್ಕದ ಮನೆ, ಆಮೇಲೆ ಎದುರಿನ ಮನೆ. ಅಕ್ಕೋರು ಹೋಗಿ ಕೂರುವುದು, ಮಗು ಎದ್ದು ಹಾಳೆ ತರುವುದು. ಒಂದು ಕಂಡಿಕೆ ತುಂಬುವ ತನಕ ಓದು. ಒಂದೇ ಸಂಜೆ ಅರವತ್ತು ಮನೆಯಲ್ಲಿ ಸುತ್ತಿದರು ಅನ್ನುವವರಿದ್ದಾರೆ. ಆಗ ಊರಲ್ಲಿ ಇದ್ದದ್ದೇ ನಲವತ್ತು ಮನೆ. ಒಂದೇ ಹೊತ್ತಿಗೆ ಎಲ್ಲ ಮನೆಯಲ್ಲೂ ಇದ್ದರು ಅನ್ನುವವರೂ ಇದ್ದಾರೆ. ದಿನಕ್ಕೆ ಐದು ಮನೆ ಅಂದರೆ ನಂಬಬಹುದು. ಸಕ್ರಪ್ಪನ ಮನೆಗೆ ಮಾತ್ರ ದಿನಾ ಹೋಗುತ್ತಿದ್ದರು, ಕೊನೆಯ ಮನೆಯಾಗಿ, ದೀಪ ಹಚ್ಚುವ ಹೊತ್ತಿಗೆ. ಯಾಕೆಂದರೆ ಅಲ್ಲಿ ಹಾಸು ದಿನಾ ಕಡಿಮೆಯಾಗುತ್ತಿತ್ತು.

ಮೊದಲ ಸೀರೆ ಇಳಿಯಿತು. ಶರಣವ್ವ ಹಾಳೆಯ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಎರಡನೆಯ ಸೀರೆ ಇಳಿಯಿತು. ಬೆರಳು ಸ್ವಲ್ಪ ಬೇಗ ಓಡಿತು. ಆದರೆ ಅಕ್ಕೋರಿಗೆ ಒಂದು ಸಂಶಯ. ಬೆಳಗ್ಗೆ ಶಾಲೆಯಲ್ಲಿ ತಾವು ಅವಳೊಬ್ಬಳಿಗೇ ಮೆಲ್ಲಗೆ ಓದಿ ತೋರಿಸಿದ ಹಾಳೆಯನ್ನೇ ಅವಳು ಸಂಜೆ ಓದುತ್ತಿದ್ದಳು. ಕಣ್ಣು ಓದುತ್ತಿದೆಯೋ, ನೆನಪು ಓದುತ್ತಿದೆಯೋ? ಕಾಣದ ಚೀಟಿ ಕೊಟ್ಟರೆ? ಕೇಳಿ ನೋಡಲು ಅಕ್ಕೋರಿಗೆ ಧೈರ್ಯ ಬರಲಿಲ್ಲ ಅಂತಾರೆ. ಓದು ಬರುವುದಿಲ್ಲ ಅಂತ ಗೊತ್ತಾದರೆ ನಾಳೆ ಆ ರಾಟಿಯ ಮುಂದೆ ಕೂರಲು ಮೈ ಬಗ್ಗುತ್ತಿರಲಿಲ್ಲ.

ಮೈ ಆಗಲೇ ಸೋತಿತ್ತು. ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಶಾಲೆಯ ಕರಿಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಿದ್ದರು. ನಮ್ಮ ಎತ್ತರಕ್ಕೆ ಬರೆಯುತ್ತಾರೆ ಅಂತ ಮಕ್ಕಳಿಗೆ ಸಂತೋಷ.

ಮೂರನೆಯ ಸೀರೆಯ ಸೆರಗು ನಡೆಯುತ್ತಿದ್ದ ದಿನ. ಆ ಊರಿನ ಸೆರಗಿಗೆ ಕೆಂಪಿನ ಮೇಲೆ ಏಳು ಬಿಳಿ ಪಟ್ಟಿ. ಏಳು ಅಂದರೆ ಏಳೇ. ಸಕ್ರಪ್ಪ ಎಣಿಸಿ ನೇಯುತ್ತಿದ್ದ. ಅಕ್ಕೋರು ಪಕ್ಕದ ಮನೆಯಿಂದ ಬಂದರು. ಆ ಮನೆಯ ಹಾಳೆ ಅವರ ಚೀಲದಲ್ಲಿತ್ತು, ಅದು ನಾಳೆ ಶರಣವ್ವನಿಗೆ ಬರಬೇಕಾದದ್ದು. ರಾಟಿಯ ಮುಂದೆ ಕೂತರು. ತಿರುಗಿಸಿದರು. ಶರಣವ್ವ ಓದತೊಡಗಿದಳು.

ಅದು ಒಂದು ನೀರುಕೋಳಿಯ ಕಥೆ. ನೀರುಕೋಳಿಗೆ ಎಂಟು ಮರಿ. ಹಳ್ಳ ತುಂಬಿ ಬಂದಿದೆ. ತಾಯಿ ಮೊದಲು ದಾಟಿ ದಡದಲ್ಲಿ ನಿಂತು ಎಣಿಸುತ್ತದೆ. ಒಂದು ಮರಿ ಬಂತು. ಎರಡನೆಯ ಮರಿ ಬಂತು. ಲಾಳಿ ಅತ್ತ ಹೋಯಿತು, ಇತ್ತ ಬಂತು. ಮೂರನೆಯ ಮರಿ ಬಂತು.

ನಾಲ್ಕನೆಯ ಮರಿಯ ತನಕ ಅಕ್ಕೋರು ಕೇಳಿದರು. ಐದನೆಯದು ಅವರಿಗೆ ಕೇಳಿಸಲಿಲ್ಲ. ರಾಟಿಯ ಹಿಡಿಕೆಯ ಮೇಲೆ ಕೈ ಹಾಗೇ ಇತ್ತು, ತಲೆ ಗೋಡೆಗೆ ಒರಗಿತ್ತು. ಮುಂದೆ ನಡೆದದ್ದು ಅಕ್ಕೋರಿಗೆ ಗೊತ್ತಿಲ್ಲ. ಊರಿಗೆ ಗೊತ್ತು.

ಏಳನೆಯ ಮರಿ ದಡಕ್ಕೆ ಬಂತು. ತಾಯಿ ಎಂಟನೆಯದಕ್ಕೆ ಕಾದು ನಿಂತಿತು. ಅಲ್ಲಿಗೆ ಹಾಳೆ ಮುಗಿಯಿತು. ಶರಣವ್ವ ಸುಮ್ಮನಾದಳು. ಲಾಳಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಓಡಿತು, ಆಮೇಲೆ ನಿಂತಿತು. ಸಕ್ರಪ್ಪ ಬಗ್ಗಿ ಸೆರಗು ನೋಡಿದ. ಬೆರಳಿಟ್ಟು ಎಣಿಸಿದ. ಎಂಟು ಪಟ್ಟಿ.

ಬಿಚ್ಚಿದರೆ ಸೆರಗಿನ ರೇಷ್ಮೆ ಸವೆಯುತ್ತದೆ. ಸೀರೆ ಕೆಟ್ಟಂತೆ. ಅವನು ಕುಣಿಯಿಂದಲೇ ಗದರಿದ. ಈ ಮನೆಯಲ್ಲಿ ಇನ್ನು ಓದು ಸಾಕು, ಕಿವಿ ಅತ್ತ ಎಳೆದರೆ ಕೈ ಇತ್ತ ತಪ್ಪುತ್ತದೆ ಅಂದ. ಹುಡುಗಿ ಹಾಳೆಯನ್ನು ಎದೆಗೆ ಒತ್ತಿಕೊಂಡಳು. ಅಜ್ಜಿ ಮಾತ್ರ ಎದ್ದು ಬಂದು, ಕಣ್ಣು ಕಿರಿದು ಮಾಡಿ, ಸೆರಗು ನೋಡಿದಳಂತೆ.

"ಹುಡುಗಿ ಏಳು ದಾಟಿಸ್ಯಾಳ. ನೀ ಎಂಟು ದಾಟಿಸೀಯಲ್ಲೋ," ಅಂದಳು. "ನಿನಗ ಯಾವ ಹಾಳಿ ಕೊಟ್ಟಿದ್ರು?"

ಸಕ್ರಪ್ಪ ಇನ್ನೊಮ್ಮೆ ಎಣಿಸಿದ. ಸೆರಗಿನ ಮೇಲಿನ ಬೆರಳು ತೆಗೆಯಲಿಲ್ಲ. ಮಗಳ ಮುಖ ನೋಡದೆ, ಎಂಟನೆಯದು ಬಂತೋ ಇಲ್ಲೋ ಅಂತ ಕೇಳಿದ.

ಗೊತ್ತಿಲ್ಲ, ಅದು ನಾಳಿನ ಹಾಳೆ, ಅಕ್ಕೋರ ಚೀಲದಾಗ ಐತಿ ಅಂದಳು ಹುಡುಗಿ. ಎಲ್ಲರೂ ಅಕ್ಕೋರ ಕಡೆ ತಿರುಗಿದರು. ಆಗಲೇ ಅವರು ಮಲಗಿದ್ದು ಕಂಡದ್ದು. ಬಾಯಿ ಸ್ವಲ್ಪ ತೆರೆದಿತ್ತು ಅಂತಾರೆ. ಸಕ್ರಪ್ಪ ದನಿ ಇಳಿಸಿದ.

"ಎಬ್ಬಿಸಬ್ಯಾಡ. ಮೆಲ್ಲಕ ತಗಿ."

ಹುಡುಗಿ ಮೆಲ್ಲಗೆ ಚೀಲದಿಂದ ಹಾಳೆ ತೆಗೆದಳು. ಅವಳಿಗೆ ಅದನ್ನು ಯಾರೂ ಓದಿ ತೋರಿಸಿರಲಿಲ್ಲ. ಅದರ ಮೇಲೆ ಅವಳ ಬೆರಳು ಎಂದೂ ಓಡಿರಲಿಲ್ಲ. ದೀಪದ ಹತ್ತಿರ ಕೂತಳು. ಮೊದಲ ಸಾಲಿನಲ್ಲಿ ಎಡವಿದಳು, ನಿಂತಳು, ಅಕ್ಷರಕ್ಕೆ ಅಕ್ಷರ ಕೂಡಿಸಿದಳು. ಎರಡನೆಯ ಸಾಲಿಗೆ ಬಂದಳು. ಮಗ್ಗ ನಿಂತಿತ್ತು. ಸಂಜೆ ಹೊತ್ತಿನಲ್ಲಿ ಸಕ್ರಪ್ಪನ ಮಗ್ಗ ನಿಂತದ್ದು ಕೇಳಿ ಯಾರಿಗೇನಾಯಿತೋ ಅಂತ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಬಂದವರು ಅಲ್ಲೇ ಕೂತರು.

ಎಂಟನೆಯ ಮರಿ ಹಳ್ಳದ ನಡುವಿನ ಬಂಡೆ ಹತ್ತಿ ಕೂತಿತ್ತು. ಏಳು ಮರಿ ದಡದಿಂದ ಕೂಗಿದವು. ನೀರು ಇಳಿಯುವ ತನಕ ತಾಯಿ ಅಲ್ಲೇ ನಿಂತಿತ್ತು. ಹುಡುಗಿ ಕೊನೆಯ ಸಾಲಿನ ತನಕ ಓದಿದಳು. ಅಜ್ಜಿ ಆ ಹೊತ್ತಿಗೆ ಅಕ್ಕೋರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಿಡಿಕೆ ತನ್ನ ಕೈಗೆ ತಗೊಂಡು, ಅರ್ಧ ಉಳಿದ ಕಂಡಿಕೆ ಸುತ್ತುತ್ತಿದ್ದಳು.

ಅಕ್ಕೋರು ಎಚ್ಚೆತ್ತಾಗ ಕೈಯಲ್ಲಿ ರಾಟಿ ಇರಲಿಲ್ಲ. ಮಗ್ಗದ ಮೇಲಿನ ಸೆರಗಿನಲ್ಲಿ ಎಂಟು ಪಟ್ಟಿ ಕಂಡವು. ಎಲ್ಲ ಮುಗಿಯಿತು ಅಂದುಕೊಂಡರು. ತಪ್ಪಾತು, ಕಣ್ಣು ಹತ್ತಿತು, ಹುಡುಗಿಗೆ ಬೈಬ್ಯಾಡ್ರಿ ಅಂದರು.

"ಮಲಕ್ಕೊಳ್ರಿ ಅಕ್ಕೋರ," ಅಂದ ಸಕ್ರಪ್ಪ. "ಎಂಟನೇದು ಸಿಕ್ಕಿತು. ಅಕೀನ ಓದಿ ಹುಡುಕಿದ್ಳು."

ಅಕ್ಕೋರು ಹುಡುಗಿಯನ್ನು ನೋಡಿದರು, ಅವಳ ಕೈಯಲ್ಲಿದ್ದ ಹಾಳೆ ನೋಡಿದರು. ಯಾವ ಹಾಳೆ ಅಂತ ಗುರುತು ಹಿಡಿದರು. ಇನ್ನೊಮ್ಮೆ ಓದು ಅನ್ನಬೇಕು ಅನಿಸಿತಂತೆ. ಆದರೆ ಕಣ್ಣು ಎಳೆಯುತ್ತಿತ್ತು, ನಾಳೆ ಕೇಳಿದರಾಯಿತು ಅಂತ ಮತ್ತೆ ಗೋಡೆಗೆ ಒರಗಿದರು.

ನಾಲ್ಕನೆಯ ಸೀರೆ ಇಳಿದು ಹಾಸು ಮುಗಿಯಿತು. ಸಕ್ರಪ್ಪ ಯಾವ ಚೀಟಿಯನ್ನೂ ತರಲಿಲ್ಲ. ಮಗಳು ಶಾಲೆಯಲ್ಲೇ ಉಳಿದಳು, ಓಣಿಯೂ ಉಳಿಯಿತು. ಅಕ್ಕೋರು ಎಷ್ಟು ವರ್ಷ ಇದ್ದರು, ಎಲ್ಲಿಗೆ ಹೋದರು ಅನ್ನುವುದರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೂಡುವುದಿಲ್ಲ. ಭುಜ ಕೊನೆಯ ತನಕ ಸರಿಯಾಗಲಿಲ್ಲ ಅನ್ನುವುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ನೂಲಹಾಳದಲ್ಲಿ ರಾಟಿ ಇನ್ನೂ ಇರುವ ಮನೆಗಳಲ್ಲಿ ಇವತ್ತಿಗೂ ದೀಪ ಹಚ್ಚುವ ಹೊತ್ತಿಗೆ ಒಂದು ಕಂಡಿಕೆಯಷ್ಟು ಹೊತ್ತು ಮಕ್ಕಳು ರಾಟಿ ಮುಟ್ಟುವುದಿಲ್ಲ. ಅದು ಅಕ್ಕೋರ ಪಾಳಿ. ಅಜ್ಜಿ ಇದ್ದರೆ ಅಜ್ಜಿ, ಅಳಿಯ ಬಂದಿದ್ದರೆ ಅಳಿಯ, ಜನಗಣತಿಗೆ ಬಂದವನಾದರೆ ಅವನೇ, ರಾಟಿಯ ಮುಂದೆ ಕೂರಬೇಕು. ಸುತ್ತಲು ಬರುವುದಿಲ್ಲ ಅಂದರೆ ಯಾರೂ ಕೇಳುವುದಿಲ್ಲ. ಮಗು ಎದ್ದು ಪುಸ್ತಕ ತರುತ್ತದೆ, ಗಟ್ಟಿಯಾಗಿ ಓದುತ್ತದೆ. ಸುತ್ತುವವರು ಕೂತಲ್ಲೇ ತೂಕಡಿಸಿದರೆ ಮನೆಯವರು ಹಿಡಿಕೆಯನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಾರೆ. ಎಬ್ಬಿಸುವುದಿಲ್ಲ. ಮಗು ದನಿ ತಗ್ಗಿಸಿ ಓದು ಮುಂದುವರಿಸುತ್ತದೆ.