ಒತ್ತಡದ ಕೋಣೆಯಲ್ಲಿ ಒಂದು ಗಂಟು

"ಸರ್, ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಟ್ಟರೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಗುಣವಾಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ನೀವೇ ಪಾಠ ಮಾಡಿದ್ದೀರಿ. ಆದರೂ ಅಲ್ಲಿಗೆ ಹೋಗಿಬಂದ ತಂದೆತಾಯಿ, ಮಗು ಸುಧಾರಿಸಿದೆ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಾರೋ, ಇಲ್ಲ ಅವರಿಗೆ ಕಣ್ಣಿಲ್ಲವೋ?"

ಕೇಳಿದವಳು ಮಕ್ಕಳ ಆಸ್ಪತ್ರೆಗೆ ಹೊಸದಾಗಿ ಸೇರಿದ ವೈದ್ಯೆ. ಕೇಳಿಸಿಕೊಂಡವರು ಅವಳಿಗೆ ಕಲಿಸಿದ ಗುರು. ಅವಳು ಪ್ರಶ್ನೆಯ ಜೊತೆಗೆ ಉತ್ತರವನ್ನೂ ತಂದಿದ್ದಳು. ಗುರುಗಳಿಗೆ ಅದು ಕಂಡಿತು.

"ಸುಳ್ಳೂ ಅಲ್ಲ, ಕಣ್ಣಿಗೇನೂ ಆಗಿಲ್ಲ. ಕೇಳು," ಎಂದರು.

ಒಂದು ಊರಿನ ಬಸ್ ನಿಲ್ದಾಣದ ಎದುರು ಒಬ್ಬ ಪಂಕ್ಚರ್ ಅಂಗಡಿಯವನಿದ್ದ. ಇಪ್ಪತ್ತೆರಡು ವರ್ಷದಿಂದ ಅವನಿಗೆ ಒಂದೇ ಕೆಲಸ. ನೆಲಕ್ಕೆ ಅಂಟಿಕೊಂಡು ಬಂದ ಚಕ್ರಗಳನ್ನು ಎಬ್ಬಿಸಿ ಕಳಿಸುವುದು. ಸೋರುವ ಟ್ಯೂಬನ್ನು ಬೇರೆಯವರು ನೀರಿನಲ್ಲಿ ಅದ್ದಿ ನೋಡುತ್ತಾರೆ. ಇವನು ಕಿವಿಯ ಹತ್ತಿರ ಹಿಡಿದು, ತೂತು ಇಲ್ಲಿದೆ ಎಂದು ಬೆರಳಿಡುತ್ತಿದ್ದ. ಆ ಕಿವಿಯ ಬಗ್ಗೆ ಅವನಿಗೆ ಜಂಬವಿತ್ತು. ಇರಬೇಕಾದದ್ದೇ.

ಅವನಿಗೆ ಏಳು ವರ್ಷದ ಮಗಳು, ನೀಲಾ. ಹುಟ್ಟುವ ಹೊತ್ತಿನಲ್ಲಿ ಅವಳ ಮಿದುಳಿಗೆ ಪೆಟ್ಟಾಗಿತ್ತು. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬೀಳುತ್ತಿದ್ದವು. ಬಲಗೈ ಮುಷ್ಟಿ ಕಟ್ಟಿ ಎದೆಗೆ ಅಂಟಿರುತ್ತಿತ್ತು. ಎಡಗೈ, ಹೋಗಬೇಕಾದ ಕಡೆ ಬಿಟ್ಟು ಉಳಿದೆಲ್ಲ ಕಡೆ ಹೋಗುತ್ತಿತ್ತು. ಅವಳು ನಡೆಯಬೇಕು, ಓಡಬೇಕು ಎಂಬ ಆಸೆಯನ್ನು ಅಪ್ಪ ಎಂದೋ ಕಟ್ಟಿಟ್ಟಿದ್ದ. ಈಗ ಉಳಿದದ್ದು ಸಣ್ಣ ಆಸೆ. ಆ ಕೈಗಳು ಒಂದು ಕೆಲಸ ಮಾಡಬೇಕು. ಯಾವುದಾದರೂ ಸರಿ, ಒಂದು.

ಆ ಊರಿಗೆ ಒತ್ತಡದ ಕೋಣೆ ಬಂತು. ಕಬ್ಬಿಣದ ದೊಡ್ಡ ಪೀಪಾಯಿ, ಅದಕ್ಕೊಂದು ಗಾಜಿನ ಕಿಟಕಿ, ಅಂಚಿಗೆ ರಬ್ಬರ್ ಹಾಕಿದ ದಪ್ಪ ಬಾಗಿಲು. ಮಗುವನ್ನು ಒಳಗೆ ಕೂರಿಸಿ, ಬಾಗಿಲು ಬಿಗಿದು, ಆಮ್ಲಜನಕವನ್ನು ಒತ್ತಿ ತುಂಬಿದರೆ ಮಿದುಳಿನಲ್ಲಿ ಮಲಗಿರುವ ಭಾಗ ಎದ್ದು ಕೂರುತ್ತದೆ ಎಂದು ಅದರ ಯಜಮಾನ ಹೇಳಿದ. ಓದಿದವರಾಗಿದ್ದರೆ ಆಧಾರ ಕೇಳುತ್ತಿದ್ದರು. ಪಂಕ್ಚರ್ ಅಂಗಡಿಯವನು ಕೇಳಲಿಲ್ಲ. ಬಿದ್ದದ್ದು ಗಾಳಿ ಒತ್ತಿದರೆ ಏಳುತ್ತದೆ ಎಂಬುದಕ್ಕೆ ಅವನ ಹತ್ತಿರವೇ ಇಪ್ಪತ್ತೆರಡು ವರ್ಷದ ಆಧಾರವಿತ್ತು.

ದಿನಕ್ಕೊಂದು ಗಂಟೆ, ನಲವತ್ತು ದಿನ ಎಂದು ನಿಗದಿಯಾಯಿತು. ಮಗುವಿನ ಜೊತೆ ಒಬ್ಬರು ಒಳಗೆ ಕೂರಬೇಕು. ಬೆಂಕಿಯ ಭಯಕ್ಕೆ ಕಟ್ಟುನಿಟ್ಟು ಬಹಳ. ಫೋನ್ ಇಲ್ಲ, ತಲೆಗೆ ಎಣ್ಣೆ ಇಲ್ಲ, ಮೈಮೇಲೆ ಹತ್ತಿಯ ಬಟ್ಟೆ ಬಿಟ್ಟು ಬೇರೆ ಇಲ್ಲ. ಒತ್ತಡ ಏರುವಾಗ ಕಿವಿ ಕಟ್ಟುತ್ತದೆ, ಉಗುಳು ನುಂಗುತ್ತಿರಿ ಎಂದು ಯಜಮಾನ ಎಚ್ಚರಿಸಿದ. ಅಪ್ಪನಿಗೆ ಕಿವಿ ಕಟ್ಟಲಿಲ್ಲ. ಮಗಳೂ ಅಳಲಿಲ್ಲ.

"ಕಂಪ್ರೆಸರ್ ಪಕ್ಕ ಪಳಗಿದ ಕಿವಿ ಸ್ವಾಮಿ ಇದು," ಎಂದು ಅವನು ಹೊರಗೆ ಬಂದು ಹೇಳಿದ. "ಇವಳು ನನ್ನ ಮಗಳು. ಇವಳಿಗೂ ಅದೇ ಕಿವಿ."

ಒಳಗೆ ಮಾಡಲು ಏನೂ ಇರಲಿಲ್ಲ. ಕೆಲಸವಿಲ್ಲದೆ ಒಂದು ಗಂಟೆ ಕೂತ ನೆನಪು ಅವನಿಗಿಲ್ಲ. ಎರಡನೆಯ ದಿನ ಹೆಗಲ ಮೇಲಿನ ಟವೆಲಿನ ತುದಿಗೆ ಒಂದು ಸಡಿಲ ಗಂಟು ಹಾಕಿ ಮಗಳ ಮಡಿಲಿಗೆ ಇಟ್ಟ. "ಬಿಚ್ಚು ನೋಡೋಣ, ನೀಲವ್ವ," ಎಂದ. ಎಡಗೈ ಹೊರಟಿತು. ಗೋಡೆಗೆ ತಾಗಿತು, ಅಪ್ಪನ ಮೂಗಿಗೆ ತಾಗಿತು, ಗಂಟಿಗೆ ತಾಗಲಿಲ್ಲ. ಮಗಳು ಅಪ್ಪನ ಮೂಗು ನೋಡಿ ನಕ್ಕಳು. ಮತ್ತೆ ಕೈ ಎತ್ತಿದಳು.

ಅಂಗಡಿಯಲ್ಲಾಗಿದ್ದರೆ ಗಿರಾಕಿ ನಿಂತಿರುತ್ತಿದ್ದ. ಇಲ್ಲಿ ಯಾರೂ ಇರಲಿಲ್ಲ. ಗಂಟೆ ಮುಗಿಯುವವರೆಗೆ ಬಾಗಿಲು ತೆರೆಯುವುದೂ ಇಲ್ಲ. ಅವನು ಸುಮ್ಮನೆ ನೋಡುತ್ತ ಕೂತ. ಮಾರನೆಯ ದಿನವೂ ಕೂತ. ಇಪ್ಪತ್ತನೆಯ ದಿನ ಗಂಟು ಬಿಚ್ಚಿತು. ನಲವತ್ತನೆಯ ದಿನ ಬಲಗೈ ಮುಷ್ಟಿ ಸಡಿಲಿಸಿ ಟವೆಲಿನ ಒಂದು ಕೊನೆ ಹಿಡಿಯಿತು, ಎಡಗೈ ಎಳೆಯಿತು, ಎರಡು ಗಂಟು ಬಿಚ್ಚಿದವು. ಅಪ್ಪ ಕಬ್ಬಿಣದ ಗೋಡೆಗೆ ದಬದಬ ಗುದ್ದಿದ. ಏನೋ ಅನಾಹುತವಾಯಿತೆಂದು ಹೊರಗಿದ್ದವರು ಓಡಿಬಂದರು.

ಯಜಮಾನನಿಗೂ ಹಿಗ್ಗಾಯಿತು. "ನಾಳೆ ಮಗೂನ ಕರ್ಕೊಂಡು ಬನ್ನಿ. ಗಂಟು ಬಿಚ್ಚೋದನ್ನ ವಿಡಿಯೋ ಮಾಡೋಣ. ಹೊರಗಡೆ ದೊಡ್ಡದಾಗಿ ಫೋಟೋ ಹಾಕ್ತೀನಿ," ಎಂದ. ಆ ರಾತ್ರಿ ಅಪ್ಪ ಬಸ್ ನಿಲ್ದಾಣದಲ್ಲಿ ಕಂಡಕಂಡವರಿಗೆಲ್ಲ ಹೇಳಿದ. ಕೇಳದವರಿಗೂ ಹೇಳಿದ.

ಮರುದಿನ ವಿಡಿಯೋದಲ್ಲಿ ಚೆನ್ನಾಗಿ ಕಾಣಲೆಂದು ಖಾಲಿ ಕೋಣೆಯ ಬಾಗಿಲು ಬಿಗಿದು ಯಂತ್ರ ಹಚ್ಚಿದರು. ಅಪ್ಪ ಮೊದಲ ಸಲ ಆ ಬಾಗಿಲಿನ ಹೊರಗೆ ನಿಂತಿದ್ದ. ಒಳಗೆ ಕೂತವನಿಗೆ ಬರುವ ಗಾಳಿಯ ಸದ್ದು, ಹೋಗುವ ಗಾಳಿಯ ಸದ್ದು ಎರಡೂ ಒಂದೇ. ಹೊರಗೆ ನಿಂತವನಿಗೆ ಹಾಗಲ್ಲ. ಬಾಗಿಲಿನ ಕೆಳಗಿನ ಮೂಲೆಯಿಂದ ಸುಯ್ ಎನ್ನುವ ಸದ್ದು ಬಂತು. ಅವನು ಬಗ್ಗಿ ಅಲ್ಲಿಗೆ ಕಿವಿ ಹಿಡಿದ.

ಸೋಪಿನ ನೀರು ಕೇಳಿ ತರಿಸಿಕೊಂಡ. ರಬ್ಬರಿನ ಮೇಲೆ ಸುರಿದ. ದ್ರಾಕ್ಷಿ ಗೊಂಚಲಿನ ಹಾಗೆ ಗುಳ್ಳೆ ಎದ್ದವು.

"ಇದು ಯಾವತ್ತಿನಿಂದ?" ಎಂದು ಕೇಳಿದ.

"ನಿನ್ನೆ ಮೊನ್ನೆ ಆಗಿರಬೇಕು," ಎಂದ ಯಜಮಾನ. "ಮೀಟರ್ ನೋಡಿ, ಮುಳ್ಳು ಸರಿಯಾಗೇ ಇದೆಯಲ್ಲ."

"ಮೀಟರ್ ಇರೋದು ಪಂಪಿನ ಕಡೆ. ಅದು ಪಂಪಿನ ಗಾಳಿ ತೋರಿಸುತ್ತೆ, ಕೋಣೆಯದ್ದಲ್ಲ. ಈ ರಬ್ಬರ್ ಸತ್ತು ವರ್ಷ ಆಯ್ತು ಸ್ವಾಮಿ, ಮುಟ್ಟಿ ನೋಡಿ. ನನ್ನ ಕಿವಿ ಯಾಕೆ ಕಟ್ಟಲಿಲ್ಲ ಅಂತ ಈಗ ಗೊತ್ತಾಯ್ತು. ನಲವತ್ತು ದಿನ ನಾವು ಕೂತಿದ್ದು ಹೆಚ್ಚುಕಡಿಮೆ ಬೀದಿ ಗಾಳಿಯಲ್ಲೇ."

"ಆದರೂ ಫಲ ಬಂತಲ್ಲಪ್ಪ! ರಬ್ಬರ್ ಬದಲಾಯಿಸ್ತೀನಿ. ಇನ್ನೂ ನಲವತ್ತು ದಿನ ಬನ್ನಿ, ಏನೂ ಕೊಡೋದು ಬೇಡ."

ಅಪ್ಪ ಮಗಳನ್ನು ಎತ್ತಿಕೊಂಡು ಮನೆಗೆ ಬಂದ. ಅವನಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಕೋಣೆ ಏನೂ ಮಾಡಿಲ್ಲ ಎಂದಾದರೆ, ಬಂದದ್ದು ಎಲ್ಲಿಂದ ಬಂತು? ಎಲ್ಲಿಂದ ಬಂತೆಂದು ತಿಳಿಯದೆ ಅದನ್ನು ಉಳಿಸಿಕೊಳ್ಳುವುದು ಹೇಗೆ?

ಊಟಕ್ಕೆ ಬಡಿಸುತ್ತ ಹೆಂಡತಿ ಎಲ್ಲ ಕೇಳಿದಳು. "ಸರಿ, ಗಾಳಿ ಏನೂ ಮಾಡಲಿಲ್ಲ. ನೀವು ಏನು ಮಾಡಿದ್ರಿ ಒಳಗೆ?"

"ಏನೂ ಮಾಡಲಿಲ್ಲ. ಗಂಟು ಹಾಕಿ ಕೊಡ್ತಿದ್ದೆ. ಬಿಚ್ಚೋವರೆಗೂ ಕಾಯ್ತಿದ್ದೆ."

"ಎಷ್ಟು ಹೊತ್ತು?"

"ಮೊದಲನೇ ಗಂಟಿಗೆ ಹತ್ತೊಂಬತ್ತು ದಿನ."

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಕಾಫಿ ಆರೋವರೆಗೂ ಕಾಯೋ ತಾಳ್ಮೆ ಇಲ್ಲ ನಿಮಗೆ! ಹತ್ತೊಂಬತ್ತು ದಿನ ಕಾದ್ರಾ?" ಎಂದಳು. ಸೌಟನ್ನು ಪಾತ್ರೆಗೆ ಇಟ್ಟು ತಾನೇ ಹೇಳಿದಳು, "ನಾನು ಕಾಯ್ತಾನೇ ಇರಲಿಲ್ಲ ಕಣ್ರೀ. ಒಲೆ ಮೇಲೆ ಅನ್ನ ಇರುತ್ತೆ, ನಲ್ಲಿಲಿ ನೀರು ಬಂದಿರುತ್ತೆ. ಅವಳು ಕೈ ಎತ್ತೋದ್ರೊಳಗೆ ನಾನೇ ಬಿಚ್ಚಿಬಿಡ್ತಿದ್ದೆ. ಏಳು ವರ್ಷ ಎಲ್ಲಾ ಗಂಟೂ ನಾನೇ ಬಿಚ್ಚಿದೆ."

ಅಪ್ಪ ತಟ್ಟೆ ಸರಿಸಿದ. ಮಗಳ ಎದುರು ಹೋಗಿ ಕೂತ. ಟವೆಲಿಗೆ ಗಂಟು ಹಾಕಿ ಮಡಿಲಿಗೆ ಇಟ್ಟ. ಅಲ್ಲಿ ಕಬ್ಬಿಣದ ಗೋಡೆ ಇರಲಿಲ್ಲ, ಗಾಜಿನ ಕಿಟಕಿ ಇರಲಿಲ್ಲ. ಕೈ ಎತ್ತಿದಳು. ಆ ದಿನ ಹೆಚ್ಚು ಹೊತ್ತು ಹಿಡಿಯಿತು. ಅವನ ಅನ್ನ ಆರಿ ತಣ್ಣಗಾಯಿತು. ಗಂಟು ಬಿಚ್ಚಿತು.

ತಿಂಗಳ ನಂತರ ಯಜಮಾನ ಪಂಕ್ಚರ್ ಅಂಗಡಿಗೆ ಬಂದ. ಅವನಿಗೆ ಇನ್ನೂ ಫೋಟೋ ಬೇಕಿತ್ತು. ನೀಲಾ ಅಪ್ಪನ ಪಕ್ಕ, ಅವನೇ ಹಳೆಯ ಟೈರಿನಿಂದ ಮಾಡಿದ ಪೀಠದಲ್ಲಿ ಒರಗಿ ಕೂತಿದ್ದಳು. ಗಾಳಿ ತುಂಬಿಸಿದ ಚಕ್ರದ ವಾಲ್ವಿಗೆ ಪುಟ್ಟ ಮುಚ್ಚಳ ತಿರುಗಿಸುವುದು ಈಗ ಅವಳ ಕೆಲಸ. ಅದು ಬೇಗ ಆಗುವ ಕೆಲಸವಾಗಿರಲಿಲ್ಲ. ಸೈಕಲ್ ಬಿಟ್ಟು ಬಸ್ ಹಿಡಿಯಬೇಕಿದ್ದ ಒಬ್ಬ ಗಿರಾಕಿ ಗಡಿಯಾರ ನೋಡಿಕೊಂಡು, ಬಗ್ಗಿ ತಾನೇ ತಿರುಗಿಸಲು ಹೋದ.

"ಕೈ ತೆಗೀರಿ ಅಣ್ಣಾ," ಎಂದ ಅಪ್ಪ. "ನಿಮ್ಮ ಬಸ್ಸು ಇನ್ನೊಂದು ಬರುತ್ತೆ. ಮುಚ್ಚಳ ಹಾಕೋಳು ಇವಳೇ."

ಗಿರಾಕಿ ಕೈ ತೆಗೆದ. ಯಜಮಾನ ಫೋಟೋದ ಮಾತೆತ್ತಿದ.

"ಧಾರಾಳವಾಗಿ ಹಾಕಿ ಸ್ವಾಮಿ. ಇಂಥ ಮಗಳನ್ನ ಊರೆಲ್ಲ ನೋಡಲಿ," ಎಂದ ಅಪ್ಪ. "ಕೆಳಗೆ ಒಂದು ಸಾಲು ಬರೀರಿ, ನಮ್ಮ ಬಾಗಿಲು ಸೋರುತ್ತಿತ್ತು ಅಂತ."

ಯಜಮಾನ ಹೋದವನು ಮತ್ತೆ ಬರಲಿಲ್ಲ. ಮುಚ್ಚಳ ಬಿಗಿಯಾಗಿ ಕೂತಿತು. ಅಪ್ಪ ಅದನ್ನು ಮತ್ತೆ ಮುಟ್ಟಿ ನೋಡಲಿಲ್ಲ. ಅವಳು ಹಾಕಿದ ಮುಚ್ಚಳವನ್ನು ಅವನು ಎಂದೂ ಮುಟ್ಟಿ ನೋಡುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ, ಸರ್," ಎಂದಳು ವೈದ್ಯೆ.

"ಆಗುವುದಿಲ್ಲ. ಸಾಬೀತು ಮಾಡಲು ನಾನು ಹೇಳಲೂ ಇಲ್ಲ."

"ಹಾಗಾದರೆ ನಾಳೆ ಬರುವ ತಂದೆತಾಯಿಗೆ, ಆ ಕೋಣೆಗೆ ಹೋಗಬೇಡಿ ಎಂದು ಹೇಳಲೇ?"

"ಖಂಡಿತ ಹೇಳು," ಎಂದರು ಗುರುಗಳು. "ಹಾಗೆಯೇ, ನಿನ್ನ ತಪಾಸಣೆಯ ಕೋಣೆಯಲ್ಲಿ ನೀನು ಒಂದು ಮಗುವಿಗೆ ಎಷ್ಟು ನಿಮಿಷ ಕೊಡುತ್ತೀಯ ಎಂಬುದನ್ನೂ ಹೇಳು."