ಹೋಗಿ ಬರ್ತೀನಿ ಎಂದವನು

“ಗುರುಗಳೇ, ಇವತ್ತು ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದವನು ನಾನು. ಅವಸರವಿತ್ತೆಂದು ಎದ್ದದ್ದಲ್ಲ, ಹೊಟ್ಟೆ ತುಂಬಿತೆಂದೂ ಅಲ್ಲ. ಜನ ಏನು ಮಾಡುತ್ತಾರೆ ನೋಡೋಣ ಎಂದು ಎದ್ದೆ. ಅದು ತಪ್ಪೇ?”

ಗುರುಗಳು ತುಳಸಿಗೆ ನೀರು ಹಾಕುತ್ತಿದ್ದರು. “ಏನು ಮಾಡಿದರು?” ಎಂದು ಕೇಳಿದರು.

“ಮಜ್ಜಿಗೆ ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತುಬಿಟ್ಟರು. ಹಿರಿಯರೊಬ್ಬರು, ‘ಯಾಕೋ, ಮೈ ಸರಿಯಿಲ್ಲವಾ?’ ಎಂದರು. ಪಕ್ಕದವನು ಪಂಚೆ ಹಿಡಿದು ಎಳೆದ. ಅಡುಗೆಯವರು, ‘ಸಾರಿಗೆ ಉಪ್ಪು ಜಾಸ್ತಿ ಆಯ್ತೇನ್ರಪ್ಪಾ?’ ಎನ್ನುತ್ತ ಒಳಗಿನಿಂದ ಓಡಿ ಬಂದರು. ಆದರೆ ಮೊದಲು ಯಾಕೆ ಏಳಬಾರದು ಎಂದು ಕೇಳಿದರೆ ಒಬ್ಬರಿಗೂ ಹೇಳಲು ಬರಲಿಲ್ಲ. ನನಗೆ ಬೆರಗಾಯಿತು. ನಾನೊಬ್ಬ ಎದ್ದು ನಿಂತದ್ದಕ್ಕೆ ಇಷ್ಟು ಜನ ಅಲ್ಲಾಡಿಹೋದರು. ನಾಳೆ ಸಂತೆಯಲ್ಲಿ ಇನ್ನೊಂದು ಮಾಡಿ ನೋಡಬೇಕೆಂದಿದ್ದೇನೆ. ಹೀಗೆ ನೋಡುತ್ತ ಹೋದರೆ ಮನುಷ್ಯರು ಅರ್ಥವಾಗುತ್ತಾರಲ್ಲವೇ?”

ಗುರುಗಳು ಚೊಂಬನ್ನು ಕಟ್ಟೆಯ ಮೇಲಿಟ್ಟರು. “ಕೂತುಕೋ,” ಎಂದರು. ಶಿಷ್ಯ ಕೂತ. ಅವರು ಹೇಳತೊಡಗಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಎತ್ತಿನ ಗಾಡಿಯಲ್ಲಿ ಸೀರೆ, ಪಂಚೆ ಹೇರಿಕೊಂಡು ಊರೂರು ಸುತ್ತುತ್ತಿದ್ದ. ವ್ಯಾಪಾರ ಚೆನ್ನಾಗಿಯೇ ಇತ್ತು. ಆದರೆ ಅವನಿಗೆ ವ್ಯಾಪಾರಕ್ಕಿಂತ ದೊಡ್ಡ ಹುಚ್ಚೊಂದಿತ್ತು. ಎಲ್ಲರೂ ಮಾತಿಲ್ಲದೆ ಒಪ್ಪಿ ನಡೆಯುವ ಯಾವುದಾದರೂ ಸಣ್ಣ ರೀತಿಯನ್ನು ನಾಲ್ಕು ಜನರ ಎದುರು ಮುರಿಯುವುದು, ಮುರಿದು ಅವರ ಮುಖ ನೋಡುವುದು.

ಒಂದು ಊರಿನ ದಾರಿಯಲ್ಲಿ ರೈತನೊಬ್ಬ ಎದುರಾಗಿ, “ಏನ್ ಸಾಹುಕಾರ್ರೇ, ಊಟ ಆಯ್ತಾ?” ಎಂದ. ಎಲ್ಲರೂ ಎಲ್ಲರನ್ನೂ ಕೇಳುವ ಮಾತು. ಆಯ್ತು ಎಂದು ಹೇಳಿ ಮುಂದೆ ಹೋಗಬೇಕು. ವ್ಯಾಪಾರಿ ಗಾಡಿ ನಿಲ್ಲಿಸಿ ಕೆಳಗಿಳಿದ. “ಆಗಿಲ್ಲ. ನಿಮ್ಮ ಮನೆಯಲ್ಲಿ ಏನು ಮಾಡಿದ್ದಾರೆ? ನಡೀರಿ ಹೋಗೋಣ,” ಎಂದ. ರೈತ ತಬ್ಬಿಬ್ಬಾದ. “ಅಯ್ಯೋ ಸ್ವಾಮಿ, ನಾನು ಬಾಯಿಮಾತಿಗೆ ಕೇಳಿದ್ದು,” ಎಂದು ಹೇಳಿ ಗದ್ದೆಯ ಬದುವಿನ ಮೇಲೆ ದಾಪುಗಾಲು ಹಾಕಿದ.

ಇನ್ನೊಂದು ಊರಿನ ಸಂತೆಯಲ್ಲಿ ಬದನೆಕಾಯಿ ಮಾರುವವಳು ಬೆಲೆ ಹೇಳಿದಳು. “ಬಹಳ ಕಡಿಮೆ ಆಯ್ತಲ್ಲಮ್ಮ, ಸ್ವಲ್ಪ ಏರಿಸಿ ಹೇಳು,” ಎಂದ ವ್ಯಾಪಾರಿ. ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. “ನಿನ್ನ ವ್ಯಾಪಾರವೇ ಬೇಡ, ಮುಂದೆ ಹೋಗು. ಯಾರ ಮನೆ ದುಡ್ಡೋ ಏನೋ!”

ಶಿಷ್ಯ ನಕ್ಕ. ಗುರುಗಳೂ ನಕ್ಕರು.

ಹೌದು, ಛತ್ರದಲ್ಲಿ ತಂಗುವ ಬೇರೆ ವ್ಯಾಪಾರಿಗಳೂ ಹೀಗೇ ನಗುತ್ತಿದ್ದರು. ಸಂಜೆ ಅವನ ಸುತ್ತ ಸೇರಿ, “ಇವತ್ತು ಯಾರನ್ನು ಕುಣಿಸಿದೆ? ಮುಖ ಮಾಡಿ ತೋರಿಸು,” ಎನ್ನುತ್ತಿದ್ದರು. ಅವನು ರೈತನ ಮುಖ ಮಾಡುತ್ತಿದ್ದ, ಬದನೆಕಾಯಿಯವಳ ಮುಖ ಮಾಡುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ. ಜನರನ್ನು ನಾನು ಬಲ್ಲೆ ಎಂದು ಅವನು ನಂಬಿದ್ದ. ಕೇಳಿದವರೂ ನಂಬಿದ್ದರು. ತನ್ನ ಊರಿನಲ್ಲಿ ಮಾತ್ರ ಅವನು ಇಂಥದ್ದೇನೂ ಮಾಡುತ್ತಿರಲಿಲ್ಲ. ಅಲ್ಲಿ ಎಲ್ಲರಂತೆ ಇರುತ್ತಿದ್ದ.

ಒಂದು ದಿನ ಅವನು ಹೊಸ ಊರೊಂದಕ್ಕೆ ಬಂದ. ಒಂದು ಮನೆಯ ಜಗಲಿಯ ಮೇಲೆ ಜನ ಸುಮ್ಮನೆ ಕೂತಿದ್ದರು. ಪಕ್ಕದಲ್ಲಿ ಎಣ್ಣೆಯ ಗಾಣ ನಿಂತಿತ್ತು. ಗಾಣದ ಯಜಮಾನ ತೀರಿಕೊಂಡು ಆಗಿನ್ನೂ ಎರಡು ದಿನವಾಗಿತ್ತು. ಊರವರು ಅವನ ಹೆಂಡತಿಯನ್ನು ಮಾತಾಡಿಸಲು ಬಂದಿದ್ದರು.

ನಮ್ಮ ಕಡೆ ರೀತಿ ನಿನಗೆ ಗೊತ್ತಿದೆ. ಯಾರ ಮನೆಯಿಂದ ಹೊರಟರೂ ನಾವು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರ್ತೀನಿ ಎನ್ನುತ್ತೇವೆ. ಸಾವಿನ ಮನೆಯಲ್ಲಿ ಮಾತ್ರ ಆ ಮಾತಿಲ್ಲ. ಅಲ್ಲಿ ಹೇಳದೆ ಕೇಳದೆ ಎದ್ದು ಹೊರಡಬೇಕು. ಬರ್ತೀನಿ ಎಂದರೆ ಇನ್ನೊಂದು ಸಾವಿಗೆ ಬರ್ತೀನಿ ಎಂದಂತೆ ಎಂದು ಜನ ಹೆದರುತ್ತಾರೆ.

ವ್ಯಾಪಾರಿಗೂ ಇದು ಗೊತ್ತಿತ್ತು. ಗೊತ್ತಿದ್ದೇ ಅವನು ಚಪ್ಪಲಿ ಬಿಟ್ಟು ಜಗಲಿ ಹತ್ತಿದ. ಗುರುತಿನವನಿರಬೇಕೆಂದು ಜನ ಸರಿದು ಜಾಗ ಕೊಟ್ಟರು. ಒಬ್ಬೊಬ್ಬರಾಗಿ ಎದ್ದು ಸುಮ್ಮನೆ ಹೋಗುವುದನ್ನು ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನೂ ಎದ್ದ. ಎಲ್ಲರಿಗೂ ಕೇಳುವಂತೆ, “ಹೋಗಿ ಬರ್ತೀನಮ್ಮಾ,” ಎಂದ.

ನಶ್ಯ ಏರಿಸುತ್ತಿದ್ದ ಮುದುಕನ ಕೈ ಮೂಗಿನ ಹತ್ತಿರವೇ ನಿಂತಿತು. ಒಬ್ಬ ತಾಯಿ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಒಬ್ಬ ತರುಣ ಹಾರಿ ಬಂದು ಅವನ ಅಂಗಿ ಹಿಡಿದ.

“ಏನಯ್ಯಾ, ಬಾಯಿಗೆ ಬಂದಿದ್ದು ಆಡ್ತೀಯಾ? ಎಲ್ಲಿಗೆ ಬರ್ತೀಯ? ಇನ್ನು ಯಾರು ಹೋಗಬೇಕು ಅಂತ ಬರ್ತೀಯ?”

ಆಗ ತೆರೆದ ಬಾಗಿಲಿನ ಒಳಗಿನಿಂದ ದನಿ ಬಂತು. ಗಂಡ ಹೋದಾಗಿನಿಂದ ಒಂದು ಮಾತೂ ಆಡದಿದ್ದ ಹೆಂಗಸು, ಕಂಬಕ್ಕೆ ಒರಗಿ ಕೂತಿದ್ದವಳು, ಮಾತಾಡಿದಳು.

“ಬಿಡಪ್ಪಾ ಅವನನ್ನ. ಈ ಮನೇಲಿ ಇನ್ನು ಹೋಗೋಳು ಅಂತ ಇರೋದು ನಾನೊಬ್ಬಳೇ. ಬರೋನು ಬರಲಿ.” ಆಮೇಲೆ ವ್ಯಾಪಾರಿಗೆ ಹೇಳಿದಳು, “ಹೂಂ, ಬಾ ಮಗಾ. ಬಂದಾಗ ಊಟ ಮಾಡ್ಕೊಂಡು ಹೋಗುವೆಯಂತೆ.”

ತರುಣ ಅಂಗಿ ಬಿಟ್ಟ. ವ್ಯಾಪಾರಿ ಬೇಗ ಬೇಗ ಗಾಡಿ ಹತ್ತಿದ. ಛತ್ರಕ್ಕೆ ಬಂದ ಮೇಲೆ ಮುದುಕನ ನಶ್ಯದ ಕೈ ಮಾಡಿ ತೋರಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಲ್ಲಿಗೆ ಅವನು ಅದನ್ನು ಮರೆತ.

ಮಳೆಗಾಲ ಕಳೆಯಿತು. ಒಂದು ಸಂಜೆ ಅದೇ ಛತ್ರಕ್ಕೆ ಉಪ್ಪು ಮಾರುವವನೊಬ್ಬ ಬಂದ. ತಾನು ಸುತ್ತಿದ ಊರುಗಳ ಸುದ್ದಿ ಹೇಳುತ್ತ ಕೂತ.

“ಆ ಕಡೆ ಒಂದೂರಲ್ಲಿ ಗಾಣದವನ ಹೆಂಡತಿ ಒಬ್ಬಳಿದ್ದಾಳೆ. ಗಂಡ ಹೋದ, ಗಾಣ ನಿಂತಿತು, ಎತ್ತು ಮಾರಿದ್ದೂ ಆಯ್ತು. ಅವಳ ತಮ್ಮ ಗಾಡಿ ಕಟ್ಟಿಕೊಂಡು ಬಂದು, ಅಕ್ಕಾ, ನಮ್ಮ ಮನೆಗೆ ನಡಿ ಅಂದ. ಹೋಗಲಿಲ್ಲ. ಯಾರೋ ಊಟಕ್ಕೆ ಬರ್ತಾರೆ, ಅವರು ಬಂದು ಹೋಗಲಿ ಅಂದಳಂತೆ.”

“ಯಾರು ಬರ್ತಾರಂತೆ?” ಎಂದು ಒಬ್ಬ ಕೇಳಿದ.

“ಯಾರೋ ದಾರಿಹೋಕ. ಸಾವಿನ ಮನೇಲಿ ಆಡಬಾರದ ಮಾತು ಆಡಿ ಹೋದನಂತೆ. ಆ ಮಾತಿಗೆ ಹೆದರಿ ಊರವರು ಅವಳ ಜಗಲಿ ಹತ್ತೋದನ್ನೇ ಬಿಟ್ಟಿದ್ದಾರೆ. ಮನೇಲಿ ಕಾಳು ಮುಗೀತಾ ಬಂದಿದೆ, ಆದರೂ ಇಬ್ಬರಿಗೆ ಅಡುಗೆ ಮಾಡ್ತಾಳೆ. ಹೊತ್ತು ಇಳಿಯೋವರೆಗೂ ಕಾಯ್ತಾಳೆ, ಆಮೇಲೆ ತಾನು ಉಣ್ತಾಳೆ. ಅವನ ಪಾಲು ಬೀದಿನಾಯಿಗೆ. ತಮ್ಮ ಮತ್ತೆ ಬಂದಿದ್ದ. ಈ ಸಲ ಸಿಟ್ಟಾಗಿ, ಅಮಾವಾಸ್ಯೆಯೊಳಗೆ ಬಂದರೆ ಬಾ, ಆಮೇಲೆ ನನ್ನ ಬಾಗಿಲಿಗೆ ಬರಬೇಡ ಅಂತ ಹೇಳಿ ಹೋದ.”

“ಒಳ್ಳೇ ಹುಚ್ಚಿ!” ಎಂದು ಇನ್ನೊಬ್ಬ ನಕ್ಕ. ಉಳಿದವರೂ ನಕ್ಕರು.

ವ್ಯಾಪಾರಿ ನಗಲಿಲ್ಲ. ಬೆಳಕು ಹರಿಯುತ್ತಲೇ ಎತ್ತು ಕಟ್ಟಿದ. “ಇವತ್ತು ಸಂತೆ ಈ ಕಡೆ, ನೀನು ಆ ಕಡೆ ಹೊರಟೆಯಲ್ಲ, ಎಲ್ಲಿಗೆ?” ಎಂದು ಗೆಳೆಯ ಕೇಳಿದ.

“ಊಟಕ್ಕೆ ಕರೆದಿದ್ದಾರೆ,” ಎಂದ ವ್ಯಾಪಾರಿ.

ಅವನು ಆ ಊರು ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಯಿಂದ ಸ್ವಲ್ಪ ಇಳಿದಿದ್ದ. ಗಾಡಿಯನ್ನು ಬೀದಿಯ ತುದಿಯಲ್ಲಿ ಬಿಟ್ಟು ನಡೆದು ಬಂದ. ಯಾರೋ ಗುರುತು ಹಿಡಿದರು. ಮನೆಮನೆಯಿಂದ ಜನ ಹೊರಗೆ ಬಂದು ನಿಂತರು. ಅಂದು ಅಂಗಿ ಹಿಡಿದಿದ್ದ ತರುಣ ಇಂದೂ ದಾರಿಗೆ ಅಡ್ಡ ಬಂದ.

“ಯಾಕೆ ಬಂದೆ?”

“ಬರ್ತೀನಿ ಅಂದಿದ್ದೆ.”

ತರುಣನ ಎತ್ತಿದ ಕೈ ಕೆಳಗಿಳಿಯಿತು. ಅವನು ಪಕ್ಕಕ್ಕೆ ಸರಿದ. ಆ ಊರಿನಲ್ಲಿ ಎಷ್ಟೋ ಸಾವುಗಳಾಗಿದ್ದವು. ಸಾವಿನ ಮನೆಯಲ್ಲಿ ಆ ಮಾತನ್ನು ಹೇಳಿ, ಹೇಳಿದಂತೆ ಬಂದವನನ್ನು ಯಾರೂ ಕಂಡಿರಲಿಲ್ಲ.

ಹೆಂಗಸು ಬಾಗಿಲ ಬಳಿ ಕೂತಿದ್ದಳು. ಅವನನ್ನು ಕಂಡು ಎದ್ದಳು. ಆಶ್ಚರ್ಯಪಡಲಿಲ್ಲ, ಅಳಲೂ ಇಲ್ಲ.

“ಬಂದ್ಯಾ? ಕಾಲು ತೊಳ್ಕೊ. ಸಾರು ಆರ್ತಾ ಇದೆ.”

ಒಳಗೆ ಎರಡು ಎಲೆ ಹಾಕಿತ್ತು. ವ್ಯಾಪಾರಿ ಕಾಲು ತೊಳೆದ. ಒಳಗೆ ಬಂದ. ಕೂರಲು ಆಗಲಿಲ್ಲ.

“ಅಮ್ಮಾ, ನಿಮಗೊಂದು ಮಾತು ಹೇಳಬೇಕು. ಅವತ್ತು ನಾನು ಬರಬೇಕು ಅಂತ ಹೇಳಿದ್ದಲ್ಲ. ಜನ ಏನು ಮಾಡ್ತಾರೆ ನೋಡೋಣ ಅಂತ ಹೇಳಿದ್ದು.”

“ಗೊತ್ತು,” ಎಂದಳು ಅವಳು, ಅನ್ನ ಬಡಿಸುತ್ತ.

“ಗೊತ್ತಾ?”

“ಹೇಳೋವಾಗ ನೀನು ನನ್ನ ಕಡೆ ನೋಡಲೇ ಇಲ್ಲವಲ್ಲ. ಅವರ ಮುಖ, ಇವರ ಮುಖ ಹುಡುಕ್ತಾ ಇದ್ದೆ. ಅಷ್ಟೂ ತಿಳಿಯಲ್ವಾ ನನಗೆ?”

“ಗೊತ್ತಿದ್ದೂ ಕಾದ್ರಾ? ತಮ್ಮ ಕರೆದರೂ ಹೋಗದೆ?”

ಅವಳು ಸೌಟನ್ನು ಪಾತ್ರೆಯಲ್ಲಿಟ್ಟಳು.

“ಅವತ್ತು ಊರೇ ಬಂದಿತ್ತು. ಎಲ್ಲರೂ ಸುಮ್ಮನೆ ಎದ್ದು ಹೋದರು. ಹಾಗೇ ಹೋಗಬೇಕು, ಹೋದರು. ನಾನೂ ಎಷ್ಟೋ ಮನೆಯಿಂದ ಹಾಗೇ ಎದ್ದು ಬಂದಿದ್ದೀನಿ. ಕೂತಿದ್ದವಳ ಎದೆ ಹೇಗಿರುತ್ತೆ ಅಂತ ಅವತ್ತು ಗೊತ್ತಾಯ್ತು. ಬರ್ತೀನಿ ಅಂದವನು ನೀನೊಬ್ಬನೇ. ನೀನು ಆಟಕ್ಕೇ ಅಂದಿರಬಹುದು. ನಾನು ‘ಬಾ, ಊಟ ಮಾಡು’ ಅಂದಿದ್ದು ಆಟಕ್ಕಲ್ಲವಲ್ಲ. ಕರೆದವಳು ಬಾಗಿಲು ಹಾಕಿಕೊಂಡು ಹೋದರೆ, ಎಲ್ಲೋ ಒಂದು ದಿನ ನಿನಗೆ ಬರಬೇಕು ಅನ್ನಿಸಿ ಬಂದರೆ, ನೀನು ಹಸಕೊಂಡು ಈ ಮೆಟ್ಟಿಲ ಮೇಲೆ ನಿಲ್ಲಬೇಕಾ?”

ಊರೂರು ಸುತ್ತಿ ವ್ಯಾಪಾರಿ ಎಷ್ಟೋ ರೀತಿಗಳನ್ನು ಮುರಿದಿದ್ದ. ತಾನು ಮುರಿದು ಹೋದದ್ದನ್ನು ಹಿಂದೆ ಉಳಿದವರೊಬ್ಬರು ಹೀಗೆ ಎತ್ತಿ ಹಿಡಿದುಕೊಂಡಿರಬಹುದು ಎಂದು ಅವನಿಗೆ ಹೊಳೆದಿರಲಿಲ್ಲ. ಅವನು ಎಲೆಯ ಮುಂದೆ ಕೂತ. ಬಡಿಸಿದ್ದನ್ನೆಲ್ಲ ಉಂಡ. ಅವಳು ಎದುರಿಗೆ ಕೂತು ಉಂಡಳು.

ಉಂಡಾದ ಮೇಲೆ ಅವಳು ಪಾತ್ರೆ ತೊಳೆದು ಕವುಚಿಟ್ಟಳು. ಒಲೆಯ ಕೆಂಡಕ್ಕೆ ನೀರು ಚಿಮುಕಿಸಿದಳು. ಒಂದು ಗಂಟು ಕಟ್ಟಿ ತಂದಳು.

“ನಾಳೆ ಅಮಾವಾಸ್ಯೆ. ಗಾಡಿ ತಂದಿದ್ದೀಯಲ್ಲ, ಇವತ್ತೇ ನನ್ನನ್ನ ತಮ್ಮನ ಮನೆಗೆ ಬಿಡು. ಇನ್ನು ಈ ಮನೇಲಿ ಯಾರಿಗೂ ಕಾಯೋದಿಲ್ಲ.”

ವ್ಯಾಪಾರಿ ಓಡಿ ಹೋಗಿ ಗಾಡಿಯನ್ನು ಬಾಗಿಲಿಗೆ ತಂದ. ಜವಳಿಯ ಮೂಟೆಗಳನ್ನು ಬದಿಗೆ ಸರಿಸಿ ಜಾಗ ಮಾಡಿದ. ಅವಳು ಬಾಗಿಲು ಎಳೆದುಕೊಂಡು, ಗಾಣವನ್ನೊಮ್ಮೆ ಮುಟ್ಟಿ ಬಂದು ಹತ್ತಿದಳು. ಬೀದಿಗೆ ಬೀದಿಯೇ ನಿಂತು ನೋಡುತ್ತಿತ್ತು. ಗಾಡಿ ಆ ಜನರ ನಡುವೆ ಹಾದು ಊರ ಹೊರಗಿನ ದಾರಿ ಹಿಡಿಯಿತು. ಹೊತ್ತು ಮುಳುಗುವ ಮೊದಲು ಅವಳು ತಮ್ಮನ ಬಾಗಿಲಲ್ಲಿ ಇಳಿದಳು. ಬಾಗಿಲು ತೆರೆದೇ ಇತ್ತು.

ಗುರುಗಳು ಕತೆ ಮುಗಿಸಿ ಚೊಂಬು ಎತ್ತಿಕೊಂಡರು. ಶಿಷ್ಯ ಕೂತೇ ಇದ್ದ.

“ಗುರುಗಳೇ, ಒಂದು ಬಿಟ್ಟುಹೋಯಿತು. ಗಾಡಿ ನಡುವೆ ಹಾದು ಹೋಗುವಾಗ ಬೀದಿಯ ಜನರ ಮುಖ ಹೇಗಿತ್ತು? ಅದನ್ನು ನೀವು ಹೇಳಲೇ ಇಲ್ಲ.”

ಗುರುಗಳು ಅವನ ಕಡೆ ತಿರುಗಿದರು.

“ವ್ಯಾಪಾರಿ ನೋಡಲಿಲ್ಲ. ಹಿಂದೆ ಕೂತವಳಿಗೆ ಗಾಡಿ ಕುಲುಕಬಾರದೆಂದು ದಾರಿಯ ಕಲ್ಲುಗಳನ್ನೇ ನೋಡುತ್ತಿದ್ದ.”