ಖಾತ್ರಿಯಾದ ಮೊಟ್ಟೆ

ಕಚೇರಿ ಗುಡಿಸುವ ಸಾಕಮ್ಮ ಕಚೇರಿಯ ಹಿತ್ತಲಲ್ಲೇ ನಾಲ್ಕು ಕೋಳಿ, ಒಂದು ಹುಂಜ ಸಾಕಿಕೊಂಡಿದ್ದಳು. ಅಲ್ಲಿನ ಸಾಹೇಬರು ಶೇಷಾಚಲಯ್ಯನವರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಅವರಿಗೆ ಡಾಕ್ಟರು ದಿನಕ್ಕೊಂದು ತಿನ್ನಿ ಅಂದರು. ಸಾಹೇಬರು ಸಾಕಮ್ಮನನ್ನು ಕರೆಸಿದರು.

"ದಿನಾ ಒಂದು ಮೊಟ್ಟೆ ತಾ. ಆದರೆ ಜೀವ ಇರೋ ಮೊಟ್ಟೆ ನನಗಾಗದು. ಅಂಥದ್ದು ಒಂದು ಬಂದರೂ ನಿನ್ನ ಗೂಡು ಹಿತ್ತಲಿಂದ ಆಚೆ."

"ಜೊತೇಲಿ ಹುಂಜ ಅದೆ ಸ್ವಾಮಿ. ಮೇಲಿಂದ ನೋಡಿದ್ರೆ ಎಲ್ಲಾ ಮೊಟ್ಟೆನೂ ಒಂದೇ ಥರ. ಹುಂಜನ್ನ ಬೇರೆ ಕಟ್ಟಿದ್ರೂ ಎರಡು ಮೂರು ವಾರ ಜೀವ ಇರೋ ಮೊಟ್ಟೆನೇ ಇಡ್ತವೆ."

"ನೆಪ ಬೇಡ. ಪರೀಕ್ಷೆ ಮಾಡಿ, ಖಾತ್ರಿ ಮಾಡಿಕೊಂಡು ತಾ."

"ಖಾತ್ರಿ ಬೇಕಂದ್ರೆ ಇಪ್ಪತ್ತೊಂದು ದಿನ ಹಿಡೀತದೆ."

"ಹಿಡಿಯಲಿ. ನಮ್ಮ ಕಚೇರಿಗೆ ಅದು ಬೇಗವೇ" ಅಂದರು ಸಾಹೇಬರು.

ಇಪ್ಪತ್ತೆರಡನೆಯ ದಿನ ಸಾಕಮ್ಮ ತಟ್ಟೆಯಲ್ಲಿ ಮೂರು ಮೊಟ್ಟೆ ತಂದಿಟ್ಟಳು.

"ಹನ್ನೆರಡು ಮೊಟ್ಟೆ ಕಾವಿಗಿಟ್ಟಿದ್ದೆ ಸ್ವಾಮಿ. ಒಂಬತ್ತರಲ್ಲಿ ಜೀವ ಇತ್ತು, ಮರಿಯಾಗಿ ಹಿತ್ತಲಲ್ಲಿ ಓಡಾಡ್ತಾವೆ. ಈ ಮೂರರಲ್ಲಿ ಇಲ್ಲ. ಖಾತ್ರಿ."

ಸಾಹೇಬರು ಗತ್ತಿನಿಂದ ಒಂದನ್ನು ಚಮಚದಲ್ಲಿ ಒಡೆದರು. ನಾತ ಹೊರಬಿತ್ತು. ಗಂಟೆ ಹನ್ನೊಂದೂ ಆಗಿರಲಿಲ್ಲ, ಗುಮಾಸ್ತರೆಲ್ಲ ಟೀ ಕುಡಿಯಲು ಎದ್ದು ಹೋದರು. ಸಾಹೇಬರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, "ಕೊಳೆತಿದೆಯಲ್ಲ" ಅಂದರು.

"ಮರಿಯಾಗಲಿಲ್ಲ, ಅದಕ್ಕೇ ಕೊಳೆತದೆ. ಇನ್ನೇನು ಪುರಾವೆ ಬೇಕು ಸ್ವಾಮಿ?"

ಮರುದಿನ ಬೆಳಿಗ್ಗೆ ಸಾಹೇಬರೇ ಹಿತ್ತಲಿಗೆ ಬಂದರು. ಗೂಡಿನಲ್ಲಿ ಆಗಷ್ಟೇ ಇಟ್ಟ ಮೊಟ್ಟೆ ಬೆಚ್ಚಗಿತ್ತು. ಸಾಕಮ್ಮ ಅದನ್ನು ಕೈಗೆ ತೆಗೆದುಕೊಂಡಳು.

"ಇದನ್ನೂ ಪರೀಕ್ಷೆ ಮಾಡ್ಲಾ ಸ್ವಾಮಿ?"

ಸಾಹೇಬರು ಹುಂಜನ ಕಡೆ ತಿರುಗಿ ನೋಡಲಿಲ್ಲ.

"ಬೇಡ, ಬೇಯಿಸಿಬಿಡು" ಅಂದರು.